24 ಗಂಟೆಯ ಮೂತ್ರ ಪರೀಕ್ಷೆ: ಕಾಸರಗೋಡಿನ ಒಂದು ಲ್ಯಾಬ್, ಎರಡು ಸಲ

ಮಗನಿಗೆ ಏಳು ವರ್ಷ. ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನೋಡಲು ಡಾಕ್ಟರು 24 ಗಂಟೆಯ ಮೂತ್ರ ಹಿಡಿದು ಕೊಡಲು ಹೇಳಿದ್ದರು. ನಮ್ಮ ಮನೆ ಬದಿಯಡ್ಕದ ಹತ್ತಿರ. ಕಾಸರಗೋಡು ಪೇಟೆಯ ಒಂದು ಲ್ಯಾಬಿಗೆ ಹೋದೆವು. ಹೆಸರು ಬರೆಯುವುದಿಲ್ಲ.

ಮೊದಲ ಸಲ ಒಂದು ಕ್ಯಾನ್, ಒಂದು ಚೀಟಿ ಕೊಟ್ಟರು, ಅಷ್ಟೆ. ಚೀಟಿ ಮಲಯಾಳಂ ಮತ್ತು ಇಂಗ್ಲಿಷಿನಲ್ಲಿತ್ತು. ಹಗಲು ಮಗನ ಜೊತೆ ಇರುವವರು ನನ್ನ ಅತ್ತೆ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ. ಮಗ ಎರಡಕ್ಕೆ ಹೋದಾಗ ಮೂತ್ರವೂ ಅದರ ಜೊತೆಗೇ ಹೋಯಿತು. ಸಂಜೆ ಆಡುತ್ತಾ ಆಡುತ್ತಾ ಅಡಿಕೆ ಮರದ ಬುಡಕ್ಕೂ ಒಂದು ಸಲ. ಕ್ಯಾನಿನಲ್ಲಿ ಸಿಕ್ಕಿದ್ದು 310 ಮಿ.ಲೀ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದರೆ ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ಕಸವನ್ನು ಕಿಡ್ನಿ ಎಷ್ಟು ಚೆನ್ನಾಗಿ ಹೊರಹಾಕುತ್ತದೆ ಎಂಬ ಲೆಕ್ಕ, ಬರೇ 40. ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ಡಾಕ್ಟರು ನೋಡಿದ ಕೂಡಲೇ, "22 ಕಿಲೋ ತೂಕದ ಮಗುವಿಗೆ ದಿನಕ್ಕೆ ಇಷ್ಟೇ ಕ್ರಿಯಾಟಿನಿನ್ ಹೋಗುವುದಿಲ್ಲಮ್ಮ. ಮೂತ್ರ ಪೂರ್ತಿ ಸಿಕ್ಕಿಲ್ಲ, ಇನ್ನೊಮ್ಮೆ ಮಾಡಿಸಿ" ಎಂದರು.

ಎರಡನೇ ಸಲ ಕೌಂಟರಿನಲ್ಲಿ ಕನ್ನಡ ಬರುವ ಒಬ್ಬ ಹುಡುಗಿ ಇದ್ದಳು. ನಮ್ಮನ್ನು ಕೂರಿಸಿ ಹತ್ತು ನಿಮಿಷ ಹೇಳಿಕೊಟ್ಟಳು. ಬೆಳಿಗ್ಗೆ ಎದ್ದು ಮಾಡುವ ಮೊದಲಿನದನ್ನು ಚೆಲ್ಲಬೇಕು, ಗಂಟೆ ಬರೆದಿಡಬೇಕು. ಅಲ್ಲಿಂದ ಮುಂದೆ ಎಲ್ಲವೂ ಕ್ಯಾನಿಗೆ. ಮರುದಿನ ಅದೇ ಗಂಟೆಗೆ ಮಾಡಿಸಿದ್ದೂ ಸೇರಬೇಕು. ಎರಡಕ್ಕೆ ಕೂರುವ ಮೊದಲು ಮಗ್ಗಿನಲ್ಲಿ ಒಂದಕ್ಕೆ ಮಾಡಿಸಬೇಕು. ಕ್ಯಾನ್ ಫ್ರಿಜ್ಜಿನಲ್ಲಿರಲಿ. ಇಷ್ಟನ್ನೂ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟಳು. ಆಮೇಲೆ ಮಗನ ಕಡೆ ತಿರುಗಿ, "ಒಂದು ಹನಿಯೂ ಹೊರಗೆ ಹೋಗಬಾರದು, ನೀನೇ ನೋಡಿಕೊಳ್ಳಬೇಕು ಪುಟ್ಟಾ" ಎಂದಳು. ಆ ರಾತ್ರಿ ಎರಡು ಗಂಟೆಗೆ ಅವನೇ ನನ್ನನ್ನು ಎಬ್ಬಿಸಿದ!

ಕ್ಯಾನ್ ಕೊಡಲು ಹೋದಾಗ ರಕ್ತ ತೆಗೆದರು. ಎತ್ತರ, ತೂಕವನ್ನೂ ಅಳೆದರು. ಮಗುವಿನ ಮೈ ಚಿಕ್ಕದು ಅಲ್ವಾ, ಅದಕ್ಕೇ ಲೆಕ್ಕವನ್ನು ದೊಡ್ಡವರ ಮೈಯ ಹೊರಮೈ ಅಳತೆ ಎಂದು ಹಿಡಿಯುವ 1.73 ಚದರ ಮೀಟರಿಗೆ ಹೊಂದಿಸುತ್ತಾರಂತೆ. ಈ ಸಲ 720 ಮಿ.ಲೀ. ಬಂತು, ಕ್ಲಿಯರೆನ್ಸ್ 92. ಡಾಕ್ಟರು ರಕ್ತದ ಕ್ರಿಯಾಟಿನಿನ್ 0.5 ಮತ್ತು ಎತ್ತರ 118 ಸೆಂ.ಮೀ. ಇಟ್ಟುಕೊಂಡು, ಮೂತ್ರ ಹಿಡಿಯದೆಯೇ ಕಿಡ್ನಿಯ ಕೆಲಸವನ್ನು ಅಂದಾಜು ಮಾಡುವ ಬೇರೆಯೇ ಲೆಕ್ಕ ಹಾಕಿದರು. 0.413ನ್ನು ಎತ್ತರದಿಂದ ಗುಣಿಸಿ 0.5ರಿಂದ ಭಾಗಿಸಿದರೆ 97. ಎರಡೂ ಹತ್ತಿರ ಹತ್ತಿರ ಬಂದವು. ಅಲ್ಲಿಯವರೆಗೆ ಬಿಗಿಹಿಡಿದಿದ್ದ ಉಸಿರು ಆಗ ಬಿಟ್ಟೆ.

ಮೂರು ಸ್ಟಾರ್ ಕೊಡುತ್ತೇನೆ, ಮೂರೂ ಆ ಹುಡುಗಿಗೆ. ಅವಳ ಕೈಬರಹದ ಚೀಟಿ ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಇನ್ನೂ ಇದೆ. ಅದರ ಫೋಟೋ ತೆಗೆದು ಲ್ಯಾಬಿಗೆ ಕಳಿಸಿದ್ದೇನೆ. ಅದನ್ನೇ ಅಚ್ಚು ಹಾಕಿಸಿ ಎಲ್ಲರಿಗೂ ಕೊಡಲಿ.