ಎಚ್‌ಎಫ್ ಕೆಲಸಕ್ಕೆ ತರಿಸಿದ ನಿಯೋಪ್ರೀನ್ ಗ್ಲೌಸ್: ಧೈರ್ಯವಾಗಿ ಕೊಳ್ಳಿ, ಆದರೆ ಸೈಜ್ ಕೇಳಿ

ಹೊಸಪೇಟೆ ಕಡೆಯ ಕಬ್ಬಿಣದ ಅದಿರಿನ ಲ್ಯಾಬೊಂದರಲ್ಲಿ ನಾನು ಕೆಮಿಸ್ಟ್. ಅದಿರಿನಲ್ಲಿ ಸಿಲಿಕಾ ಎಷ್ಟಿದೆ ಅಂತ ತೂಕ ಹಾಕಿ ಹೇಳಬೇಕಾದರೆ ಹೈಡ್ರೋಫ್ಲೋರಿಕ್ ಆ್ಯಸಿಡ್ ಬೇಕು. ಲ್ಯಾಬಿನಲ್ಲಿ ನಾವೆಲ್ಲ ಎಚ್‌ಎಫ್ ಅಂತಲೇ ಕರೆಯುವುದು. ಅದಕ್ಕೆಂದೇ ತರಿಸಿದ ಉದ್ದ ತೋಳಿನ ಕಪ್ಪು ನಿಯೋಪ್ರೀನ್ (ಒಂದು ಬಗೆಯ ಕೃತಕ ರಬ್ಬರ್) ಗ್ಲೌಸ್ ಬಗ್ಗೆ ಈ ರಿವ್ಯೂ. ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಇದು ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. ಸಲ್ಫ್ಯೂರಿಕ್ ಆ್ಯಸಿಡ್ ಕೈಗೆ ಬಿದ್ದರೆ ತಕ್ಷಣ ಉರಿಯುತ್ತದೆ, ನಲ್ಲಿ ಹತ್ತಿರ ಓಡುತ್ತೇವೆ. ಎಚ್‌ಎಫ್ ಹಾಗಲ್ಲ. ಅದು ಚರ್ಮದೊಳಗೆ ಇಳಿದು ಹೋಗುತ್ತದೆ. ಕಡಿಮೆ ಸಾಂದ್ರತೆಯದ್ದಾದರೆ ನೋವು ಗೊತ್ತಾಗುವುದೇ ಗಂಟೆಗಟ್ಟಲೆ ಆದಮೇಲೆ, ಕೆಲವೊಮ್ಮೆ ಮಾರನೇ ದಿನ. ಒಳಗೆ ಹೋದ ಫ್ಲೋರೈಡ್ ಮೈಯಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಜಾಸ್ತಿ ಜಾಗಕ್ಕೆ ತಗುಲಿದರೆ ರಕ್ತದ ಕ್ಯಾಲ್ಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದು. ನಾನು ಮೊದಲು ಇದ್ದ ಲ್ಯಾಬಿನಲ್ಲಿ ತೆಳು ನೀಲಿ ನೈಟ್ರೈಲ್ ಗ್ಲೌಸ್ ಹಾಕಿಕೊಂಡೇ ಎಚ್‌ಎಫ್ ಸುರಿಯುತ್ತಿದ್ದರು. ಅಲ್ಲಿನ ಒಬ್ಬ ಹುಡುಗನಿಗೆ ಬೆರಳ ತುದಿಗೆ ತಗುಲಿದ್ದು ಗೊತ್ತೇ ಆಗಿರಲಿಲ್ಲ. ಸಂಜೆ ಮನೆಗೆ ಹೋದ ಮೇಲೆ ಉಗುರಿನ ಕೆಳಗೆ ನೋವು ಶುರುವಾಗಿ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಆ ತೆಳು ಗ್ಲೌಸ್ ಒಂದು ಹನಿ ಬಿದ್ದರೆ ಕಿತ್ತು ಬಿಸಾಡೋಕೆ ಅಷ್ಟೇ. ಅದೊಂದನ್ನೇ ನಂಬಿ ಎಚ್‌ಎಫ್ ಬಾಟಲಿ ಎತ್ತಬಾರದು.

ಈಗ ಗ್ಲೌಸ್ ವಿಷಯಕ್ಕೆ ಬರೋಣ. ಕೊಳ್ಳುವಾಗ ನಾನು ನೋಡಿದ್ದು ಒಂದೇ ಒಂದು ಗುರುತು. ಕೆಮಿಕಲ್ ಗ್ಲೌಸ್ ಮೇಲೆ ಫ್ಲಾಸ್ಕಿನ ಒಂದು ಚಿತ್ರ ಇರುತ್ತದೆ, ಜೊತೆಗೆ ಇಎನ್ ಐಎಸ್‌ಒ 374 ಅಂತ ಅಚ್ಚಾಗಿರುತ್ತದೆ. ಕೆಮಿಕಲ್ ಗ್ಲೌಸ್ ಪರೀಕ್ಷೆ ಮಾಡುವ ಅಂತರರಾಷ್ಟ್ರೀಯ ಮಾನದಂಡ ಅದು. ಚಿತ್ರದ ಕೆಳಗೆ ಕೆಲವು ಇಂಗ್ಲಿಷ್ ಅಕ್ಷರಗಳಿರುತ್ತವೆ. ಸುಮ್ನೆ ಹಾಕಿದ್ದಲ್ಲ ಅವು. ಒಂದೊಂದು ಅಕ್ಷರವೂ ಒಂದೊಂದು ಕೆಮಿಕಲ್. ಎಲ್ ಅಂದರೆ 96% ಸಲ್ಫ್ಯೂರಿಕ್, ಎಂ ಅಂದರೆ 65% ನೈಟ್ರಿಕ್, ಎಸ್ ಅಂದರೆ 40% ಹೈಡ್ರೋಫ್ಲೋರಿಕ್. ಅದರಲ್ಲಿ ಮೇಲಿನ ದರ್ಜೆಯಾದ ಟೈಪ್ ಎ ಗ್ಲೌಸ್ ಆದರೆ ಪಟ್ಟಿಯ ಕನಿಷ್ಠ 6 ಕೆಮಿಕಲ್‌ಗಳನ್ನು ಒಂದೊಂದನ್ನೂ 30 ನಿಮಿಷವಾದರೂ ತಡೆದಿರಬೇಕು. ನಮಗೆ ಬಂದದ್ದರ ಮೇಲೆ ಎಸ್ ಇದೆ, ಎಲ್ ಇದೆ. ಎಂ ಇಲ್ಲ. ಹಾಗಾಗಿ ನೈಟ್ರಿಕ್ ಕೆಲಸಕ್ಕೆ ಇದನ್ನು ನಾವು ಮುಟ್ಟುವುದಿಲ್ಲ, ಅದಕ್ಕೆ ಬೇರೆ ಜೋಡಿ ಇಟ್ಟಿದ್ದೇವೆ. ಅಂಗಡಿಯವರು "ಆ್ಯಸಿಡ್ ಗ್ಲೌಸ್ ಮೇಡಂ, ಎಲ್ಲಾದಕ್ಕೂ ಆಗುತ್ತೆ" ಅಂದರೆ ಒಪ್ಪಿಕೊಳ್ಳಬೇಡಿ. ಎಲ್ಲಾದಕ್ಕೂ ಆಗುವ ಗ್ಲೌಸ್ ಅಂತ ಒಂದಿಲ್ಲ.

ಇನ್ನೊಂದು ಮಾತು. ಆ ಪರೀಕ್ಷೆ ಮಾಡುವುದು 23 ಡಿಗ್ರಿ ಆಸುಪಾಸಿನಲ್ಲಿ. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ಬಿಸಿ ಹೆಚ್ಚಾದಷ್ಟೂ ಆ್ಯಸಿಡ್ ಬೇಗ ನುಸುಳುತ್ತದೆ. 30 ನಿಮಿಷ ಅಂತ ಬರೆದಿದೆ ಅಂದುಕೊಂಡು ಒದ್ದೆ ಗ್ಲೌಸಿನಲ್ಲೇ ಅಷ್ಟು ಹೊತ್ತು ಕೆಲಸ ಮಾಡಬೇಡಿ.

ಕೆಲಸದಲ್ಲಿ ಹೇಗಿದೆ? ಸಿಲಿಕಾ ಇರುವ ಪ್ಲಾಟಿನಂ ಕ್ರೂಸಿಬಲ್ (ಕಾಯಿಸುವ ಪುಟ್ಟ ಬಟ್ಟಲು) ತೂಗಿ, ವಿಷದ ಹೊಗೆಯನ್ನು ಹೊರಗೆ ಎಳೆಯುವ ಗೂಡಾದ ಫ್ಯೂಮ್ ಹುಡ್ ಒಳಗೆ ಇಟ್ಟು, ಒಂದೆರಡು ಹನಿ ಸಲ್ಫ್ಯೂರಿಕ್ ಹಾಕಿ, ಪ್ಲಾಸ್ಟಿಕ್ ಅಳತೆ ಜಾಡಿಯಿಂದ ಎಚ್‌ಎಫ್ ಸುರಿಯಬೇಕು. ಗಾಜನ್ನು ಎಚ್‌ಎಫ್ ತಿನ್ನುತ್ತದೆ, ಅದಕ್ಕೇ ಬಾಟಲಿಯಿಂದ ಹಿಡಿದು ಡ್ರಾಪರ್‌ವರೆಗೆ ಎಲ್ಲಾ ಪ್ಲಾಸ್ಟಿಕ್. ಆಮೇಲೆ ಕಾಯಿಸಿದರೆ ಸಿಲಿಕಾ ಅನಿಲವಾಗಿ ಹೋಗುತ್ತದೆ, ಕಡಿಮೆಯಾದ ತೂಕವೇ ಉತ್ತರ. ಇಷ್ಟೂ ಕೆಲಸದಲ್ಲಿ ಬಾಟಲಿ ಹಿಡಿದು ಸುರಿಯುವ ಹೊತ್ತಿಗೆ ಈ ಗ್ಲೌಸ್ ತುಂಬಾ ಚೆನ್ನಾಗಿದೆ. ಅಂಗೈ ಕಡೆ ತರಿ ಇದೆ, ಒದ್ದೆ ಬಾಟಲಿಯೂ ಜಾರುವುದಿಲ್ಲ. ತೋಳು ಮೊಣಕೈ ಹತ್ತಿರದವರೆಗೆ ಬರುತ್ತದೆ. ಅಂಚನ್ನು ಹೊರಕ್ಕೆ ಮಡಚಿಕೊಂಡರೆ ಕೈ ಎತ್ತಿದಾಗ ಹನಿ ತೋಳಿಗೆ ಇಳಿಯದೆ ಆ ಮಡಿಕೆಯಲ್ಲೇ ನಿಲ್ಲುತ್ತದೆ. ಗಿಡ್ಡ ಗ್ಲೌಸಿನಲ್ಲಿ ಈ ಅನುಕೂಲ ಇಲ್ಲ.

ತೊಂದರೆ ಇರುವುದು ಸಣ್ಣ ಕೆಲಸದಲ್ಲಿ. ನಮಗೆ ಸಿಕ್ಕ ಅತಿ ಚಿಕ್ಕ ಸೈಜ್ 8. ನನ್ನ ಕೈಗೆ ಬೆರಳ ತುದಿಯಲ್ಲಿ ಜಾಗ ಉಳಿಯುತ್ತದೆ. ಇಕ್ಕಳದಲ್ಲಿ ಕ್ರೂಸಿಬಲ್ ಮುಚ್ಚಳ ಎತ್ತುವಾಗ ಆ ಖಾಲಿ ತುದಿ ಮಡಚಿಕೊಂಡು ಇಕ್ಕಳಕ್ಕೆ ಸಿಕ್ಕಿಬೀಳುತ್ತದೆ. ಒಳಗೆ ಒಂದು ತೆಳು ನೈಟ್ರೈಲ್ ಗ್ಲೌಸ್ ಹಾಕಿಕೊಂಡ ಮೇಲೆ ಸ್ವಲ್ಪ ಬಿಗಿಯಾಯಿತು, ಹೊರಗಿನದ್ದು ತೂತಾದರೂ ಒಂದು ಪದರ ಇರುತ್ತದೆ. ಆದರೂ ಇದು ಸರಿಯಾದ ಪರಿಹಾರ ಅಲ್ಲ. ಲ್ಯಾಬುಗಳಲ್ಲಿ ಈಗ ಎಷ್ಟೊಂದು ಹೆಣ್ಣುಮಕ್ಕಳಿದ್ದಾರೆ, ಅಲ್ವಾ? ಸೈಜ್ 7 ಯಾಕೆ ತರಿಸುವುದಿಲ್ಲ? ಸಡಿಲ ಗ್ಲೌಸ್ ಕೂಡ ಅಪಾಯವೇ. ನಾನು ಒಂದು ಸ್ಟಾರ್ ಕಡಿಮೆ ಕೊಡುತ್ತಿರುವುದು ಇದಕ್ಕೇ.

ಬೆವರು ವಿಪರೀತ. ತಾಳಿಕೊಳ್ಳಬೇಕು.

ಬಾಳಿಕೆ ಚೆನ್ನಾಗಿದೆ, ಆದರೆ ದಿನಾ ಪರೀಕ್ಷೆ ಮಾಡಬೇಕು. ಪಂಪಿನಿಂದ ಗಾಳಿ ತುಂಬಿ, ತೋಳನ್ನು ಸುತ್ತಿ ಹಿಡಿದು, ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಸೂಜಿಮೊನೆಯಷ್ಟು ತೂತಿದ್ದರೂ ಗುಳ್ಳೆ ಏಳುತ್ತದೆ. ಬಾಯಿಂದ ಊದಬೇಡಿ. ನಮ್ಮ ಒಂದು ಜೋಡಿಯಲ್ಲಿ ಹೆಬ್ಬೆರಳ ಬುಡದಲ್ಲಿ ಸೀಳು ಹೀಗೇ ಸಿಕ್ಕಿತು, ಅವತ್ತೇ ಕಸಕ್ಕೆ ಹೋಯಿತು. ಕೆಲಸ ಮುಗಿದ ಮೇಲೆ ಗ್ಲೌಸ್ ಕೈಯಲ್ಲಿದ್ದ ಹಾಗೇ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು ಆಮೇಲೆ ಬಿಚ್ಚಿ.

ಗ್ಲೌಸ್ ಆರ್ಡರ್ ಮಾಡುವಾಗಲೇ 2.5% ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೂಡ ತರಿಸಿ. ನಮ್ಮೂರಿನ ಮೆಡಿಕಲ್ ಸ್ಟೋರ್‌ಗಳಲ್ಲಿ ನನಗೆ ಸಿಗಲಿಲ್ಲ, ಸೇಫ್ಟಿ ಸಾಮಾನು ಮಾರುವವರ ಹತ್ತಿರ ಸಿಕ್ಕಿತು. ಚರ್ಮಕ್ಕೆ ಎಚ್‌ಎಫ್ ತಗುಲಿದರೆ ತಕ್ಷಣ 5 ನಿಮಿಷ ನೀರಿನಲ್ಲಿ ತೊಳೆದು, ಗ್ಲೌಸ್ ಹಾಕಿದ ಕೈಯಿಂದ ಜೆಲ್ ಉಜ್ಜುತ್ತಲೇ ಆಸ್ಪತ್ರೆಗೆ ಹೋಗಬೇಕು. ನೋವಿಲ್ಲ ಅಂತ ಕಾಯಬಾರದು. ಡಾಕ್ಟರಿಗೆ ಬರೀ ಆ್ಯಸಿಡ್ ಅನ್ನದೆ ಎಚ್‌ಎಫ್ ಅಂತಲೇ ಹೇಳಿ, ಚಿಕಿತ್ಸೆ ಬೇರೆ. ಕಣ್ಣಿಗಾದರೆ ಜೆಲ್ ಹಚ್ಚಬಾರದು, ನೀರು ಹಾಯಿಸುತ್ತಾ ಆಸ್ಪತ್ರೆಗೆ ಓಡಬೇಕು. ಟ್ಯೂಬಿನ ಮೇಲಿನ ಎಕ್ಸ್‌ಪೈರಿ ತಾರೀಖನ್ನು ನಮ್ಮ ಅಟೆಂಡರ್ ಅಣ್ಣ ಫ್ಯೂಮ್ ಹುಡ್ ಪಕ್ಕದ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿದ್ದಾರೆ.

ನನ್ನ ರೇಟಿಂಗ್ 5ಕ್ಕೆ 4. ಸೈಜ್ 7 ಯಾರ ಹತ್ತಿರವಾದರೂ ಎಸ್ ಗುರುತಿನ ಜೊತೆ ಸಿಕ್ಕಿದ್ದರೆ ಕೆಳಗೆ ತಿಳಿಸಿ, ಮುಂದಿನ ಇಂಡೆಂಟಿನಲ್ಲಿ ಅದನ್ನೇ ಬರೆಸುತ್ತೇನೆ.