ಕೆಲಸಕ್ಕೂ ಸಂಗ್ರಹಕ್ಕೂ ಖುಕುರಿ: ಸಿರುಪಾತೆ, ಭೋಜಪುರೆ, ಆಂಖೋಲಾ ಮತ್ತು ಸೇನಾ ಮಾದರಿಗಳ ಹೋಲಿಕೆ

ನೇಪಾಳದ ಬಾಗಿದ ಅಲಗಿನ ಕತ್ತಿಯಾದ ಖುಕುರಿಯನ್ನು ಕೊಳ್ಳಲು ಬಯಸುವವರು ಸಾಮಾನ್ಯವಾಗಿ ಎರಡು ಬೇರೆ ಬೇರೆ ವಸ್ತುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ: ಕಾಡು, ತೋಟಗಳಲ್ಲಿ ಬಳಸಲು ಒಂದು, ಗೋಡೆಯ ಮೇಲೆ ಅಥವಾ ಗಾಜಿನ ಕಪಾಟಿನಲ್ಲಿ ಇಡಲು ಇನ್ನೊಂದು. ಅಂಗಡಿಗಳೂ ತಮ್ಮ ಸರಕನ್ನು ಹೀಗೆಯೇ ಎರಡು ಪಾಲು ಮಾಡಿ ತೋರಿಸುತ್ತವೆ. ನೇಪಾಳದ ಪೂರ್ವ ಭಾಗದ ಧರಾನ್‌ನಿಂದಲೂ ಕಠ್ಮಂಡುವಿನಿಂದಲೂ ತಂದ ನಾಲ್ಕು ಬಗೆಯ ಖುಕುರಿಗಳನ್ನು ಮಲೆನಾಡಿನ ನಮ್ಮ ತೋಟದಲ್ಲಿ ಮಳೆಗಾಲ, ಬೇಸಿಗೆಗಳೆರಡರಲ್ಲೂ ಬಳಸಿ ನೋಡಿದ ಮೇಲೆ ನಾನು ಈ ವಿಭಾಗವನ್ನು ಒಪ್ಪುವುದಿಲ್ಲ. ಕೆಲಸ ಮಾಡಲಾರದ ಖುಕುರಿ ಸಂಗ್ರಹಕ್ಕೂ ಯೋಗ್ಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಹೋಲಿಕೆಯನ್ನು ಅದೇ ಅಳತೆಗೋಲಿನಿಂದ ಮಾಡಿದ್ದೇನೆ.

ಮಾದರಿಗಳ ಹೆಸರಿಗಿಂತ ಮೊದಲು ಹದದ ಮಾತು ಬರಬೇಕು. ನೇಪಾಳದಲ್ಲಿ ಖುಕುರಿ ಮಾಡುವವರು ಕಾಮಿ ಸಮುದಾಯದ ಕಮ್ಮಾರರು. ಇಂದು ಅವರಲ್ಲಿ ಬಹುಮಂದಿ ವಿಶ್ವಕರ್ಮ ಎಂಬ ಕುಲನಾಮವನ್ನು ಬಳಸುತ್ತಾರೆ. ಆರನ್ ಎಂದು ಕರೆಯಲಾಗುವ ಅವರ ಕುಲುಮೆಗೆ ಬರುವ ಉಕ್ಕು ಹೆಚ್ಚಾಗಿ ಹಳೆಯ ಲಾರಿ, ಜೀಪುಗಳ ಕಮಾನ್ ಪಟ್ಟೆ. ಅದನ್ನು ಕಾಯಿಸಿ, ಬಡಿದು, ಆಕಾರ ಕೊಟ್ಟು, ಅರದಿಂದ ತಿದ್ದಿದ ಮೇಲೆ ಅಲಗನ್ನು ಮತ್ತೆ ಕೆಂಪಗೆ ಕಾಯಿಸುತ್ತಾರೆ. ಆಗ ಇಡೀ ಅಲಗನ್ನು ನೀರಿನಲ್ಲಿ ಮುಳುಗಿಸುವ ಬದಲು ಕೆಟಲಿನ ಮೂತಿಯಿಂದ ಅಲಗಿನ ಬಾಯಿಯ, ಅಂದರೆ ಹರಿತದ ಅಂಚಿನ, ಉದ್ದಕ್ಕೂ ಮಾತ್ರ ನೀರನ್ನು ಹರಿಸುತ್ತಾರೆ. ಹೀಗಾಗಿ ಹೊಡೆತ ಬೀಳುವ ಹೊಟ್ಟೆಯ ಭಾಗ ತುಂಬ ಗಡುಸಾಗುತ್ತದೆ, ಬೆನ್ನು ಮೆತ್ತಗೆ ಉಳಿದು ಪೆಟ್ಟಿನ ಅದುರನ್ನು ಹೀರಿಕೊಳ್ಳುತ್ತದೆ. ನೀರು ಎಲ್ಲಿ, ಎಷ್ಟು ಹೊತ್ತು ಹರಿಯಬೇಕೆಂಬುದನ್ನು ಕಮ್ಮಾರ ಉಕ್ಕಿನ ಬಣ್ಣ ನೋಡಿಯೇ ನಿರ್ಧರಿಸುವುದರಿಂದ, ಒಂದೇ ಕುಲುಮೆಯಿಂದ ಬಂದ ಎರಡು ಅಲಗುಗಳ ಹದವೂ ಒಂದೇ ಆಗಿರುವುದಿಲ್ಲ. ಇದನ್ನು ಪರೀಕ್ಷಿಸಲು ಒಂದು ಸಣ್ಣ ಅರ ಸಾಕು. ಅದನ್ನು ಹೊಟ್ಟೆಯ ಬಾಯಿಯ ಮೇಲೆ ಲಘುವಾಗಿ ಎಳೆದರೆ ಜಾರಬೇಕು, ಬೆನ್ನಿನ ಮೇಲೆ ಎಳೆದರೆ ಕಚ್ಚಬೇಕು. ಎರಡೂ ಕಡೆ ಒಂದೇ ರೀತಿ ಕಚ್ಚುವ ಅಲಗು ಎಷ್ಟೇ ಹೊಳೆಯುತ್ತಿದ್ದರೂ ಅದು ಖುಕುರಿಯ ಆಕಾರದ ತಗಡು ಮಾತ್ರ. ಕೆಳಗೆ ಹೇಳುವ ನಾಲ್ಕೂ ಈ ಪರೀಕ್ಷೆಯಲ್ಲಿ ಉತ್ತೀರ್ಣವಾದವು.

ಸಿರುಪಾತೆ ಇವುಗಳಲ್ಲಿ ತೆಳ್ಳಗಿನದು. ನನ್ನಲ್ಲಿರುವುದರ ಅಲಗು 10 ಅಂಗುಲ ಉದ್ದ, ತೂಕ ಸುಮಾರು 450 ಗ್ರಾಂ. ಬೆನ್ನಿನ ಬಾಗು ಕಡಿಮೆ, ಹೊಟ್ಟೆ ಕಿರಿದು. ಬೇಲಿಯ ಬದಿಯ ಲಂಟಾನ, ಹಸಿರು ಕಮ್ಯುನಿಸ್ಟ್ ಗಿಡ, ಬೆರಳು ಗಾತ್ರದ ಹಸಿ ರೆಂಬೆಗಳನ್ನು ಸವರುತ್ತಾ ಹೋಗುವಾಗ ಇದು ಕೈಯಲ್ಲಿದೆ ಎಂಬುದೇ ಮರೆತುಹೋಗುವಷ್ಟು ಹಗುರ, ಬೀಸಿದ ಕೈಯನ್ನು ಹಿಂದಕ್ಕೆ ತರುವುದು ಸುಲಭ. ಆದರೆ ಒಣಗಿದ ಗಟ್ಟಿ ಕಟ್ಟಿಗೆಗೆ ಬಂದಾಗ ಮುಂಭಾಗದಲ್ಲಿ ತೂಕವಿಲ್ಲದ ಕೊರತೆ ತಕ್ಷಣ ತಿಳಿಯುತ್ತದೆ: ಅಲಗು ಒಳಹೊಕ್ಕು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಚಕ್ಕೆ ಏಳುವುದಿಲ್ಲ. ದಿನವಿಡೀ ನಡೆಯುತ್ತ ದಾರಿ ಬಿಡಿಸಿಕೊಳ್ಳಬೇಕಾದವರಿಗೆ ಸಿರುಪಾತೆ ಒಳ್ಳೆಯದು, ಕಟ್ಟಿಗೆಗೆ ಅಲ್ಲ.

ಪೂರ್ವ ನೇಪಾಳದ ಭೋಜಪುರ ಜಿಲ್ಲೆಯ ಹೆಸರಿನ ಭೋಜಪುರೆ ಮಾದರಿಯ ಹೊಟ್ಟೆ ಅಗಲ. ಅಲಗಿನ ಉದ್ದ ಸಿರುಪಾತೆಯಷ್ಟೇ ಇದ್ದರೂ ತೂಕ 600 ಗ್ರಾಮಿನ ಆಸುಪಾಸಿನಲ್ಲಿದೆ, ಆ ಹೆಚ್ಚಿನ ತೂಕ ಬಹುಪಾಲು ಮುಂದುಗಡೆಯೇ ಸೇರಿಕೊಂಡಿದೆ. ಬಿದಿರಿನ ಮೇಲೆ ಇದರ ಕೆಲಸ ನೋಡಬೇಕು. ಬಲಿತ ಬಿದಿರಿನ ಗಳುವಿಗೆ ಓರೆಯಾಗಿ ಒಂದೆರಡು ಪೆಟ್ಟು ಕೊಟ್ಟರೆ ಶುಚಿಯಾಗಿ ತುಂಡಾಗುತ್ತದೆ; ಅದೇ ತುಂಡನ್ನು ನೆಟ್ಟಗೆ ನಿಲ್ಲಿಸಿ ಅಲಗನ್ನು ತಲೆಗಿಟ್ಟು ಬಡಿದರೆ ಸೀಳು ನೇರವಾಗಿ ಇಳಿಯುತ್ತದೆ. ಸಪಾಟಾಗಿರದೆ ಎರಡೂ ಬದಿ ತುಸು ಉಬ್ಬಿರುವ ಇದರ ಬಾಯಿ ಕಟ್ಟಿಗೆಯಲ್ಲಿ ಸಿಕ್ಕಿಕೊಳ್ಳದೆ ಪಕ್ಕಕ್ಕೆ ಒತ್ತಿ ಬಿಡಿಸಿಕೊಳ್ಳುತ್ತದೆ. ತೆಂಗಿನಕಾಯಿ ಒಡೆಯುವುದರಿಂದ ಹಿಡಿದು ಅಡಿಗೆಮನೆಯ ಕುಂಬಳಕಾಯಿ ಹೋಳು ಮಾಡುವವರೆಗೆ ನಾವು ಬಳಸಿದ್ದು ಇದನ್ನೇ. ನೇಪಾಳದ ಹಳ್ಳಿಗಳಲ್ಲೂ ಖುಕುರಿಯ ನಿತ್ಯದ ಬಾಳು ಹೀಗೆಯೇ: ಮಾಂಸ, ತರಕಾರಿ, ಸೌದೆ, ಮೇವು. ಒಮ್ಮೆ ಒರೆಯಿಂದ ತೆಗೆದರೆ ರಕ್ತ ಕಾಣದೆ ಹಿಂದಿರುಗದು ಎಂಬ ಕಥೆಗೆ ಈ ಬಾಳಿನಲ್ಲಿ ಯಾವ ಆಧಾರವೂ ಇಲ್ಲ.

ಆಂಖೋಲಾದ ವಿಷಯದಲ್ಲಿ ಅಂಗಡಿಯವರ ಉತ್ಸಾಹ ಹೆಚ್ಚು. ಹೊಟ್ಟೆಯ ಹಿಂಭಾಗದಲ್ಲಿ ಬೆನ್ನಿನ ಗುಂಟ ತೋಡಿರುವ ತಗ್ಗು ಇದರ ಗುರುತು. ಈ ತಗ್ಗು ತೂಕ ಇಳಿಸುವ ಉಪಾಯವಾಗಿದ್ದರೂ, ಬೆನ್ನು ಬಹಳ ದಪ್ಪವಿರುವ ಕಾರಣ ನನ್ನಲ್ಲಿರುವ 10 ಅಂಗುಲದ ಅಲಗು 750 ಗ್ರಾಂ ತೂಗುತ್ತದೆ. ಒಣಗಿದ ಹಲಸಿನ ಕೊಂಬೆಯನ್ನು ಸಣ್ಣ ಕೊಡಲಿಗೆ ಸಮನಾಗಿ ಕಡಿದದ್ದು ನಾಲ್ಕರಲ್ಲಿ ಇದೊಂದೇ, ಆ ಶಕ್ತಿಯನ್ನು ಮೆಚ್ಚಲೇಬೇಕು. ಆದರೆ ಸ್ವಲ್ಪ ಹೊತ್ತಿನಲ್ಲಿ ಮಣಿಕಟ್ಟು ಸೋಲುತ್ತದೆ, ಸೋತ ಕೈಯಲ್ಲಿ ತೂಕದ ಅಲಗು ಗುರಿ ತಪ್ಪುತ್ತದೆ. ಖುಕುರಿಯ ಅಪಘಾತಗಳಲ್ಲಿ ಮೊಣಕಾಲು, ಮುಂಗಾಲುಗಳಿಗೆ ಆಗುವ ಗಾಯಗಳ ಕಾರಣ ಇದೇ. ಕಡಿಯುವವರು ಮಂಡಿಯೂರಿ ಕುಳಿತು, ತುಂಡನ್ನು ದಿಮ್ಮಿಯ ಮೇಲಿಟ್ಟು ಕಡಿದರೆ ಗುರಿ ತಪ್ಪಿದ ಅಲಗು ನೆಲಕ್ಕೆ ಹೋಗುತ್ತದೆಯೇ ಹೊರತು ಕಾಲಿಗಲ್ಲ. ಹೊಸಬರಿಗೆ ಆಂಖೋಲಾವನ್ನು ನಾನು ಸೂಚಿಸುವುದಿಲ್ಲ. ಸದಾ ಸೌದೆಯ ಕೆಲಸ ಇರುವವರಿಗೆ ಧಾರಾಳವಾಗಿ ಸೂಚಿಸುತ್ತೇನೆ.

ನಾಲ್ಕನೆಯದು ಸೇನಾ ಮಾದರಿ. ಬ್ರಿಟಿಷ್ ಸೇನೆಯ ಗೋರ್ಖಾ ದಳಕ್ಕೆ ಸೇರುವ ಯುವಕರಿಗೆ ಎರಡು ಖುಕುರಿಗಳನ್ನು ಕೊಡುವ ಪದ್ಧತಿಯಿದೆ, ಒಂದು ಕವಾಯತಿಗೆ, ಇನ್ನೊಂದು ತರಬೇತಿಗೆ. 1947ರಲ್ಲಿ ಹತ್ತು ಗೋರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತದ ಪಾಲಿಗೆ ಬಂದ ಮೇಲೆ ನಮ್ಮ ಸೇನೆಯಲ್ಲೂ ಖುಕುರಿ ಮುಂದುವರಿಯಿತು. ಡೆಹ್ರಾಡೂನಿನಲ್ಲಿ ಅದನ್ನು ತಯಾರಿಸುವ ಕಾರ್ಖಾನೆಯೂ ಇದೆ. ಈ ಮಾದರಿಯ ಗುಣವೆಂದರೆ ಅಳತೆಯ ಸ್ಥಿರತೆ: ಅಲಗು ಹತ್ತೂವರೆ ಅಂಗುಲ, ತೂಕ ಭೋಜಪುರೆಗಿಂತ ತುಸು ಕಡಿಮೆ, ಸಮತೋಲ ಚೆನ್ನ. ರೆಂಬೆಗೂ ಬಿದಿರಿಗೂ ಇದು ಸಾಕಾಯಿತು, ಯಾವುದರಲ್ಲೂ ಮೊದಲನೆಯದಾಗಲಿಲ್ಲ. ಒಂದೇ ಖುಕುರಿ ಸಾಕು ಎನ್ನುವವರಿಗೆ ಇದೂ ಭೋಜಪುರೆಯೂ ನಿಜವಾದ ಪ್ರತಿಸ್ಪರ್ಧಿಗಳು. ಇವೆರಡರ ನಡುವೆ ತೀರ್ಮಾನ ಮಾಡಿದ್ದು ಅಲಗಲ್ಲ, ಹಿಡಿ.

ಹಿಡಿಯಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಅಲಗಿನ ಸಪೂರ ಬಾಲವನ್ನು ಮರ ಅಥವಾ ಕೊಂಬಿನ ಹಿಡಿಯೊಳಗೆ ಕೊರೆದ ತೂತಿಗೆ ಇಳಿಸಿ, ಲಾಹಾ ಎಂಬ ಅರಗಿನಂತಹ ಅಂಟಿನಿಂದ ಬಂಧಿಸುತ್ತಾರೆ. ಇನ್ನೊಂದು ಪಾನಾವಾಲ್, ಇದರಲ್ಲಿ ಅಲಗಿನ ಉಕ್ಕೇ ಹಿಡಿಯ ಪೂರ್ಣ ಅಗಲಕ್ಕೆ ಹಿಂದಿನ ತುದಿಯವರೆಗೂ ಹೋಗಿ, ಎರಡು ಬದಿಯ ಮರದ ಪಟ್ಟಿಗಳನ್ನು ರಿವೆಟ್ ಹಾಕಿ ಕೂಡಿಸಿರುತ್ತಾರೆ. ಲಾಹಾದ ಹಿಡಿ ಪೆಟ್ಟಿನ ಅದುರನ್ನು ಕೈಗೆ ಕಡಿಮೆ ತಲುಪಿಸುತ್ತದೆ ಮತ್ತು ಸಡಿಲವಾದರೆ ಬಿಸಿ ಮಾಡಿ ಪುನಃ ಕೂರಿಸಬಹುದು. ಆದರೆ ಬೇಸಿಗೆಯ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಅದೇ ಅಂಟು ಮೆತ್ತಗಾಗುತ್ತದೆ. ಪಾನಾವಾಲಿಗೆ ಈ ಭಯವಿಲ್ಲ, ಅದರ ಬದಲು ಮಳೆಗಾಲದಲ್ಲಿ ಉಕ್ಕು ಮತ್ತು ಮರದ ಸಂದಿಗೆ ತೇವ ಸೇರಿ ಒಳಗೇ ತುಕ್ಕು ಹಿಡಿಯುತ್ತದೆ. ಮಲೆನಾಡಿನ ಮಳೆಯಲ್ಲಿಯೂ ನಾನು ಪಾನಾವಾಲನ್ನೇ ಆರಿಸುತ್ತೇನೆ, ಏಕೆಂದರೆ ಸಂದಿಗೆ ಎಣ್ಣೆ ಹಾಕುವುದು ನಮ್ಮ ಕೈಯಲ್ಲಿದೆ, ಕಡಿಯುವ ಭರದಲ್ಲಿ ಅಲಗು ಹಿಡಿಯಿಂದ ಕಳಚಿದರೆ ಏನೂ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ನನ್ನ ಭೋಜಪುರೆ ಪಾನಾವಾಲ್, ಸಿಸೌ ಅಂದರೆ ಶೀಶಮ್ ಮರದ ಪಟ್ಟಿಯದು. ಸೇನಾ ಮಾದರಿಯದು ಎಮ್ಮೆಕೊಂಬಿನ ಲಾಹಾ ಹಿಡಿ: ನೋಡಲು ಸುಂದರ, ಆದರೆ ಬೆವರಿದ ಅಂಗೈಯಲ್ಲಿ ಜಾರುತ್ತದೆ, ಒಣ ಹವೆ ಬಂದಾಗ ಕುಗ್ಗಿ ಬಿರುಕು ಬಿಡುತ್ತದೆ. ಹಿಡಿಯ ನಡುವಿನ ಉಬ್ಬು ಉಂಗುರ ಮತ್ತು ಹಿಂದಿನ ತುದಿಯ ಅಗಲ ಕೈ ಜಾರದಂತೆ ತಡೆಯಲೆಂದೇ ಇದ್ದರೂ, ನೇಪಾಳದ ಹಿಡಿಗಳು ತುಸು ಚಿಕ್ಕವಾಗಿರುವುದರಿಂದ ದೊಡ್ಡ ಅಂಗೈಯವರಿಗೆ ಆ ಉಂಗುರ ಒತ್ತುತ್ತದೆ. ಕೊಳ್ಳುವ ಮೊದಲು ಮುಷ್ಟಿಯಲ್ಲಿ ಹಿಡಿದು ನೋಡುವುದು ಅನಿವಾರ್ಯ.

ನಮ್ಮ ಮಲೆನಾಡಿನ ಕತ್ತಿಯೊಂದಿಗೆ ಹೋಲಿಕೆ ತಾನಾಗಿಯೇ ಬರುತ್ತದೆ. ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಂಡು ಹೋಗುವ ನಮ್ಮ ಕತ್ತಿಯ ತುದಿ ಬಾಗಿರುವುದರಿಂದ ಮುಳ್ಳಿನ ಬಳ್ಳಿಯನ್ನು ಎಳೆದು ಕೊಯ್ಯಲು ಅದಕ್ಕೆ ಸಮನಾದದ್ದಿಲ್ಲ. ಖುಕುರಿಯ ಮೊನೆ ಚೂಪಾಗಿರುವ ಕಾರಣ ಅದು ಚುಚ್ಚಬಲ್ಲದು, ಕಡಿಯಬಲ್ಲದು, ಎಳೆಯಲಾರದು. ಕೊಡಗಿನ ಒಡಿಕತ್ತಿಯಲ್ಲೂ ಒಳಬಾಗಿನ ಬಾಯಿ, ಮುಂದಕ್ಕೆ ಸರಿದ ತೂಕ ಇವೆ, ಆದರೆ ಅದನ್ನು ಬೆನ್ನಿಗೆ ಕಟ್ಟಿದ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಯಲ್ಲಿ ಬರಿದಾಗಿ ಸಿಕ್ಕಿಸುತ್ತಾರೆ. ಖುಕುರಿಗೆ ದಾಪ್ ಎಂಬ ಮುಚ್ಚಿದ ಒರೆಯಿದೆ. ಎರಡು ಮರದ ಹೋಳುಗಳನ್ನು ಚರ್ಮದಿಂದ ಸುತ್ತಿ ಮಾಡಿದ ಈ ಒರೆಯನ್ನು ಹಿಡಿಯುವ ಕ್ರಮವನ್ನು ಪ್ರತಿಯೊಬ್ಬರೂ ಕಲಿಯಬೇಕು. ಬೆರಳುಗಳು ಬಾಯಿಯ ಕಡೆಗೆ ಸುತ್ತಿಕೊಳ್ಳಬಾರದು, ಏಕೆಂದರೆ ಅಲಗನ್ನು ಎಳೆಯುವಾಗ ಅದು ಹೋಳುಗಳ ಸಂದಿಯನ್ನು ಸೀಳಿ ಹೊರಬರಬಹುದು. ಬೆನ್ನನ್ನು ಒರೆಯ ಬೆನ್ನಿಗೆ ತಾಗಿಸಿಕೊಂಡೇ ಎಳೆಯಬೇಕು.

ಒರೆಯ ಹಿಂದೆ ಎರಡು ಪುಟ್ಟ ಉಪಕರಣಗಳಿರುತ್ತವೆ: ಕರ್ದಾ ಸಣ್ಣ ಚಾಕು, ಚಾಕ್ಮಕ್ ಹರಿತವಿಲ್ಲದ ಗಡುಸು ಉಕ್ಕಿನ ತುಂಡು. ಚಾಕ್ಮಕ್ಕಿನಿಂದ ಮಡಚಿದ ಬಾಯಿಯನ್ನು ನೇರ ಮಾಡಬಹುದು, ಬೆಣಚುಕಲ್ಲಿಗೆ ತಾಗಿಸಿ ಕಿಡಿ ಹೊಮ್ಮಿಸಬಹುದು. ಅಲಂಕಾರದ ಖುಕುರಿಗಳಲ್ಲಿ ಇವು ಬರಿಯ ಮೆತು ಕಬ್ಬಿಣವಾಗಿರುವುದರಿಂದ ಇವುಗಳನ್ನೂ ಅರದಿಂದ ಪರೀಕ್ಷಿಸುವುದು ಒಳ್ಳೆಯದು.

ಸಂಗ್ರಹದ ದೃಷ್ಟಿಯಿಂದ ಹೆಚ್ಚು ಬೆಲೆ ಬಾಳುವುದು ಬೆಳ್ಳಿಯ ಕುಸುರಿಯ ಒರೆಯುಳ್ಳ ಕೋಥಿಮೋರಾ. ಅದರ ಬೆಳ್ಳಿ ಕೆಲಸಕ್ಕೆ ನನ್ನ ಗೌರವವಿದೆ, ಆದರೆ ನಾನು ನೋಡಿದ ಹೊಸ ಕೋಥಿಮೋರಾಗಳಲ್ಲಿ ಅಕ್ಕಸಾಲಿಗನ ಶ್ರಮ ಕಂಡಷ್ಟು ಕಮ್ಮಾರನ ಶ್ರಮ ಕಾಣಲಿಲ್ಲ. ಅದಕ್ಕಿಂತ ತೀನ್ ಚಿರಾ, ಅಂದರೆ ಅಲಗಿನ ಎರಡೂ ಬದಿಗಳಲ್ಲಿ ಮೂರು ಮೂರು ಉದ್ದನೆಯ ಗೀರುಗಾಲುವೆಗಳನ್ನು ತೋಡಿದ ಖುಕುರಿಯನ್ನು ನಾನು ಮೇಲೆಂದು ಎಣಿಸುತ್ತೇನೆ: ಬಾಗಿದ ಅಲಗಿನ ಮೇಲೆ ಮೂರು ಗೆರೆಗಳು ಒಂದಕ್ಕೊಂದು ಸಮನಾಗಿ ಸಾಗಬೇಕಾದರೆ ಕೈ ಎಷ್ಟು ಪಳಗಿರಬೇಕೆಂಬುದು ನೋಡಿದೊಡನೆ ತಿಳಿಯುತ್ತದೆ. ಹಳೆಯವುಗಳಲ್ಲಿ, ಮಹಾಯುದ್ಧಗಳ ಕಾಲದ ಸೇನಾ ಖುಕುರಿಗಳ ಮೇಲೆ ಇಸವಿ ಮತ್ತು ತಯಾರಿಕೆಯ ಮುದ್ರೆಗಳು ಇರುವುದರಿಂದ ಕಾಲ ನಿರ್ಣಯ ಸುಲಭ. ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಆಯುಧಾಗಾರದ ದಾಸ್ತಾನು 2003ರಲ್ಲಿ ವಿದೇಶಕ್ಕೆ ಮಾರಾಟವಾದ ಮೇಲೆ ದೇವನಾಗರಿ ಅಕ್ಷರ ಕೆತ್ತಿದ ಉದ್ದನೆಯ ಖುಕುರಿಗಳೂ ಸಂಗ್ರಾಹಕರಿಗೆ ದೊರೆಯತೊಡಗಿದವು. ಕಣ್ಣನ್ನು ಪಳಗಿಸಿಕೊಳ್ಳಲು ಕಠ್ಮಂಡುವಿನ ಛೌನಿಯಲ್ಲಿರುವ ರಾಷ್ಟ್ರೀಯ ಸಂಗ್ರಹಾಲಯಕ್ಕಿಂತ ಒಳ್ಳೆಯ ಜಾಗವಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. 1814ರಿಂದ 1816ರವರೆಗಿನ ಆಂಗ್ಲ-ನೇಪಾಳ ಯುದ್ಧದಿಂದ ಮೊದಲ್ಗೊಂಡು ಖುಕುರಿಯ ಕೀರ್ತಿಯೆಲ್ಲ ಅದನ್ನು ಹಿಡಿದ ಸೈನಿಕನಿಗೆ ಸಂದಿತು. ಅದನ್ನು ಮಾಡಿದ ಕಾಮಿಯನ್ನು ನೇಪಾಳದ ಸಮಾಜ ಅಸ್ಪೃಶ್ಯನೆಂದು ಹೊರಗಿಟ್ಟಿತು. 1963ರ ಕಾನೂನು ಆ ಭೇದವನ್ನು ತೆಗೆದುಹಾಕಿದ ಮೇಲೂ ಅದು ಹಳ್ಳಿಗಳಿಂದ ಪೂರ್ತಿಯಾಗಿ ಹೋಗಿಲ್ಲ. ಆದುದರಿಂದ ಕುಶಲಿಯ ಊರು, ಹೆಸರು ತಿಳಿದಿರುವ ಸಾದಾ ಭೋಜಪುರೆಯೊಂದು ನನ್ನ ಲೆಕ್ಕದಲ್ಲಿ ಹೆಸರಿಲ್ಲದ ಬೆಳ್ಳಿಯ ಖುಕುರಿಗಿಂತ ಉತ್ತಮ ಸಂಗ್ರಹ. ಅಂಗಡಿಯಲ್ಲಿ ಮಾಡಿದವರು ಯಾರೆಂದು ಕೇಳಿ ಬರೆದಿಟ್ಟುಕೊಳ್ಳಿ.

ಆರೈಕೆಯಲ್ಲಿ ಎರಡೇ ಮುಖ್ಯ. ಬಳಸಿದ ಮೇಲೆ ಒರೆಸಿ ಎಣ್ಣೆ ಸವರಬೇಕು, ಮತ್ತು ತಿಂಗಳುಗಟ್ಟಲೆ ಒರೆಯಲ್ಲೇ ಇಡಬಾರದು, ಏಕೆಂದರೆ ಚರ್ಮ ಮತ್ತು ಮರ ತೇವ ಹಿಡಿದಿಟ್ಟುಕೊಳ್ಳುತ್ತವೆ. ಮಸೆಯುವಾಗ ಅಗಲವಾದ ಸಾಣೆಕಲ್ಲು ಒಳಬಾಗಿಗೆ ಕೂರುವುದಿಲ್ಲ. ದುಂಡು ಕೋಲಿಗೆ ಸುತ್ತಿದ ಉಪ್ಪುಕಾಗದದಿಂದ ಅಲಗಿನ ಉಬ್ಬನ್ನು ಕೆಡಿಸದೆ ಹರಿತ ಮಾಡಬಹುದು.

ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳ ಪಟ್ಟಿಯಲ್ಲಿ ಖುಕುರಿಯನ್ನು ಹೆಸರಿಸಿಯೇ ಸೇರಿಸಿವೆ. ಗೃಹೋಪಯೋಗಿ ಹಾಗೂ ಕೃಷಿ ಉಪಕರಣಗಳಿಗೆ ವಿನಾಯಿತಿ ಇದ್ದರೂ ಸಾರ್ವಜನಿಕ ಸ್ಥಳಗಳಲ್ಲಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಬಾರದು, ಕೊಳ್ಳುವ ಮೊದಲು ಸ್ಥಳೀಯ ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಕ್ಷೇಮ. ನೇಪಾಳದಿಂದ ತರುವವರು ವಿಮಾನದಲ್ಲಿ ಅದನ್ನು ಒಪ್ಪಿಸುವ ಸಾಮಾನಿನಲ್ಲಿಯೇ ಹಾಕಬೇಕು. ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳನ್ನು ಆ ದೇಶದಿಂದ ಹೊರಗೆ ಒಯ್ಯಲು ನಿರ್ಬಂಧವಿರುವುದರಿಂದ, ಹಳೆಯದಾಗಿ ಕಾಣುವ ಖುಕುರಿಗೆ ಅಲ್ಲಿನ ಪುರಾತತ್ತ್ವ ಇಲಾಖೆಯ ಪ್ರಮಾಣಪತ್ರವನ್ನು ಅಂಗಡಿಯವರಿಂದಲೇ ಮಾಡಿಸಿಕೊಂಡು ಹೊರಡುವುದು ಉತ್ತಮ.