ನೇರ ಸಿಎ ಫೌಂಡೇಶನ್ನೋ, ಮೊದಲು ಬಿಕಾಮೋ?

ಬಳ್ಳಾರಿಯಲ್ಲಿ ಪಿಯುಸಿ ಕಾಮರ್ಸ್ ಮುಗಿಸಿ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಆಗಬೇಕೆನ್ನುವವರಿಗೆ ಮೊದಲ ಹಂತದ ಪರೀಕ್ಷೆಯಾದ ಫೌಂಡೇಶನ್ ಎಂದರೆ ನಾಲ್ಕು ಪೇಪರ್, 400 ಅಂಕ. ಪ್ರತಿ ಪೇಪರಿಗೂ 40, ಒಟ್ಟು 200 ಬರಲೇಬೇಕು. ಲೆಕ್ಕಶಾಸ್ತ್ರದಲ್ಲಿ 80 ತೆಗೆದು ಗಣಿತದಲ್ಲಿ 38ಕ್ಕೆ ನಿಂತರೂ ಫೇಲೇ. ಆ ಪೇಪರಿನಲ್ಲಿ ತಪ್ಪುತ್ತರಕ್ಕೆ ಕಾಲು ಭಾಗ ಅಂಕ ಕಡಿತ ಬೇರೆ. ಬರೆಯಬೇಕಾದ್ದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕನ್ನಡ ಮಾಧ್ಯಮದವರಿಗೆ ಕಾನೂನಿನ ಪೇಪರ್ ಕಬ್ಬಿಣದ ಕಡಲೆ.

ಬಿಕಾಮ್ ನಿಧಾನ. ಆದರೆ ಶೇ. 55 ಬಂದರೆ ಫೌಂಡೇಶನ್ ಇಲ್ಲದೆ ಸಿಎಯ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಸಂಜೆ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಕೂತರೆ ಜೀನ್ಸ್ ಘಟಕಗಳ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಏರಿಸುವುದು, ಪ್ರತಿ ತಿಂಗಳ 14ಕ್ಕೆ ಬರುವ ಖರೀದಿ ತೆರಿಗೆಯ ಪಟ್ಟಿ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವುದು, 20ರೊಳಗೆ ಮಾಸಿಕ ರಿಟರ್ನ್ ಆದ 3ಬಿ ಸಲ್ಲಿಸುವುದು ಕೈಗೆ ಹತ್ತುತ್ತದೆ. ಇಂಗ್ಲಿಷ್ ಇನ್ನೂ ಕುಂಟುತ್ತಿದ್ದರೆ ಬಿಕಾಮೇ ವಾಸಿ. ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವ ಎರಡು ವರ್ಷದ ಆರ್ಟಿಕಲ್‌ಶಿಪ್ ಮಾತ್ರ ಯಾವ ದಾರಿಯಲ್ಲೂ ತಪ್ಪದು.